ಬಿದ್ದು ಉರುಳಿ ಗೋಲ್ ಕಾಯ್ದವರು: ಡೊಮಿನಿಕ್ ಹಾಶೆಕ್ ಆಟದೊಳಗಿನ ಲೆಕ್ಕ

ಐಸ್ ಹಾಕಿಯ ಗೋಲ್ 183 ಸೆಂ.ಮೀ. ಅಗಲ, 122 ಸೆಂ.ಮೀ. ಎತ್ತರ. ಕೊಡಗಿನ ಮೈದಾನಗಳಲ್ಲಿ ಕಾಣುವ ಹಾಕಿ ಗೋಲ್ 366 ಸೆಂ.ಮೀ. ಅಗಲ, 214 ಸೆಂ.ಮೀ. ಎತ್ತರ, ಐಸ್ ಹಾಕಿಯ ಗೋಲ್ ಅದರ ಮೂರನೇ ಒಂದು ಪಾಲೂ ಇಲ್ಲ. ಅದರ ಬಾಯಿಗೆ ಸುಮಾರು 20 ಕೆ.ಜಿ. ತೂಕದ ಪ್ಯಾಡು, ಗ್ಲವ್ಸು, ಎದೆಗವಚ ತೊಟ್ಟ ಆಳೊಬ್ಬ ಅಡ್ಡ ನಿಂತಿರುತ್ತಾನೆ. ಮೊದಲ ಸಲ ನೋಡಿದವರಿಗೆ, ಇಲ್ಲಿ ಗೋಲ್ ಆಗುವುದಾದರೂ ಹೇಗೆ ಅನ್ನಿಸುತ್ತದೆ.

ಆಗುವುದು ವೇಗದಿಂದ. ಆಟದ ಬಿಲ್ಲೆಗೆ ಪಕ್ ಎನ್ನುತ್ತಾರೆ: ಗಟ್ಟಿ ರಬ್ಬರ್, 7.6 ಸೆಂ.ಮೀ. ಅಡ್ಡಳತೆ, 2.5 ಸೆಂ.ಮೀ. ದಪ್ಪ, 156ರಿಂದ 170 ಗ್ರಾಂ ತೂಕ. ಪುಟಿಯಬಾರದೆಂದು ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಬಲವಾದ ಹೊಡೆತಕ್ಕೆ ಅದು ಗಂಟೆಗೆ 144 ಕಿ.ಮೀ. ವೇಗದಲ್ಲಿ ಬಂತೆನ್ನಿ, ಅಂದರೆ ಸೆಕೆಂಡಿಗೆ 40 ಮೀಟರ್. 18 ಮೀಟರ್ ದೂರದಿಂದ ಹೊಡೆದರೆ ಗೋಲ್ ತಲುಪಲು 0.45 ಸೆಕೆಂಡ್. ಆರು ಮೀಟರ್‌ನಿಂದ ಹೊಡೆದರೆ 0.15 ಸೆಕೆಂಡ್. ಕಣ್ಣು ಕಂಡದ್ದಕ್ಕೆ ಕೈ ಕದಲಲು ಮನುಷ್ಯನಿಗೆ ಬೇಕಾಗುವುದೇ ಸುಮಾರು 0.2 ಸೆಕೆಂಡ್. ಹತ್ತಿರದ ಹೊಡೆತವನ್ನು ನೋಡಿ ತಡೆಯುವುದು ಆಗದ ಮಾತು. ಪಕ್ ಎಲ್ಲಿಗೆ ಬರಬಹುದೋ ಅಲ್ಲಿ ಮೈಯನ್ನು ಮೊದಲೇ ಇಟ್ಟಿರಬೇಕು.

ಈ ‘ಮೊದಲೇ ಇಡುವುದು’ ಹೇಗೆ ಎಂಬ ಪ್ರಶ್ನೆಗೆ ಜಗತ್ತಿನ ಎಲ್ಲ ಗೋಲ್‌ಕೀಪರ್‌ಗಳು ಸುಮಾರಾಗಿ ಒಂದೇ ಉತ್ತರ ಕೊಡುತ್ತಿದ್ದ ಕಾಲದಲ್ಲಿ ಬೇರೆ ಉತ್ತರ ಕೊಟ್ಟವರು ಡೊಮಿನಿಕ್ ಹಾಶೆಕ್. ಚೆಕ್ ದೇಶದವರು, 1965ರ ಜನವರಿ 29ರಂದು ಪಾರ್ದುಬಿಟ್ಸೆ ಎಂಬ ಊರಿನಲ್ಲಿ ಹುಟ್ಟಿದವರು. ಆಡುವಾಗ ಬೀಳುತ್ತಿದ್ದರು, ಉರುಳುತ್ತಿದ್ದರು, ಕೈಯಲ್ಲಿದ್ದ ಕೋಲನ್ನು ಎಸೆದುಬಿಡುತ್ತಿದ್ದರು. ಅಮೆರಿಕ, ಕೆನಡಾದಲ್ಲಿ ಗೋಲ್‌ಕೀಪರನ್ನು ‘ಗೋಲಿ’ ಎಂದೇ ಕರೆಯುತ್ತಾರೆ. ಹಾಶೆಕ್ ಮಂಜುಗಡ್ಡೆಯ ಮೇಲೆ ಉರುಳುವುದನ್ನು ಕಂಡ ಕನ್ನಡಿಗರಿಗೆ ಆ ಹೆಸರು ಎರಡೂ ಅರ್ಥದಲ್ಲಿ ಒಪ್ಪುತ್ತದೆ. ಹೀಗೆ ಆಡಿದವರೇ ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿಯನ್ನು ಆರು ಸಲ ಗೆದ್ದರು. ಅದು ಅದೃಷ್ಟದ ಆಟವಾಗಿದ್ದರೆ ಒಂದು ವರ್ಷ ನಡೆಯುತ್ತಿತ್ತು, ಹೆಚ್ಚೆಂದರೆ ಎರಡು.

ಎಲ್ಲರೂ ಕಲಿಯುವ ಪಾಠ

ಹಾಶೆಕ್ ಏನು ಬದಲಿಸಿದರು ಎಂದು ತಿಳಿಯಬೇಕಾದರೆ ಎಲ್ಲರೂ ಕಲಿಯುವ ಪಾಠ ಮೊದಲು ಗೊತ್ತಿರಬೇಕು. ಅದರಲ್ಲಿ ಎರಡು ಭಾಗ.

ಒಂದು, ಮುಂದೆ ಬಂದು ನಿಲ್ಲುವುದು. ಪಕ್ ಗೋಲ್‌ನ ನೇರಕ್ಕೆ 9 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಗೋಲ್ ಗೆರೆಯ ಮೇಲೆಯೇ ನಿಂತರೆ 183 ಸೆಂ.ಮೀ. ಅಗಲವನ್ನೂ ಕಾಯಬೇಕು. ಒಂದೂವರೆ ಮೀಟರ್ ಮುಂದೆ ಬಂದರೆ ಕಾಯಬೇಕಾದ ಅಗಲ 152 ಸೆಂ.ಮೀ.ಗೆ ಇಳಿಯುತ್ತದೆ. ಮೂರು ಮೀಟರ್ ಮುಂದೆ ಬಂದರೆ 122. ಗೋಡೆಯ ಮೇಲೆ ಬೀಳುವ ನೆರಳನ್ನು ನೆನೆಯಿರಿ: ದೀಪದ ಹತ್ತಿರ ಹೋದಷ್ಟೂ ನೆರಳು ದೊಡ್ಡದು. ಅಪಾಯವೂ ಅಲ್ಲೇ ಇದೆ. ಮುಂದೆ ಬಂದಷ್ಟೂ ಹಿಂದಕ್ಕೆ, ಅಡ್ಡಕ್ಕೆ ಹೋಗಬೇಕಾದ ದಾರಿ ಉದ್ದವಾಗುತ್ತದೆ. ಎದುರಾಳಿ ಹೊಡೆಯದೆ ಪಕ್ಕದವನಿಗೆ ದಾಟಿಸಿದರೆ ಬಯಲಾದ ಗೋಲ್ ಅವನ ಮುಂದಿರುತ್ತದೆ.

ಎರಡು, ಬಟರ್‌ಫ್ಲೈ. ಎರಡೂ ಮೊಣಕಾಲನ್ನು ಮಂಜುಗಡ್ಡೆಗೆ ಊರಿ, ಪಾದಗಳನ್ನು ಆಚೀಚೆ ಹೊರಕ್ಕೆ ಚಾಚಿದರೆ ಕಾಲಿನ ಪ್ಯಾಡುಗಳು ನೆಲದ ಮೇಲೆ ಅಡ್ಡಲಾಗಿ ಮಲಗುತ್ತವೆ. ಹಾಶೆಕ್ ಕಾಲದಲ್ಲಿ ಪ್ಯಾಡಿನ ಅಗಲ 30.5 ಸೆಂ.ಮೀ.ವರೆಗೂ ಇರಬಹುದಿತ್ತು, 2005ರಲ್ಲಿ 28ಕ್ಕೆ ಇಳಿಸಿದರು. ಅಂದರೆ ಗೋಲ್‌ನ ಕೆಳಗಿನ ಕಾಲು ಭಾಗ ಒಂದೇ ಏಟಿಗೆ ಮುಚ್ಚಿಹೋಯಿತು. ಮೇಲಿನದನ್ನು ಎದೆ, ಎಡಗೈಯ ಹಿಡಿಯುವ ಗ್ಲವ್, ಬಲಗೈಯ ಬ್ಲಾಕರ್ ನೋಡಿಕೊಳ್ಳುತ್ತವೆ. ಬ್ಲಾಕರ್ ಎಂದರೆ ಕೈ ಹಿಂಬದಿಗೆ ಕೂರಿಸಿದ ಹಲಗೆ, 20 ಸೆಂ.ಮೀ. ಅಗಲ, 38 ಸೆಂ.ಮೀ. ಉದ್ದ, ಅದೇ ಕೈಯಲ್ಲಿ ಕೋಲೂ ಇರುತ್ತದೆ. ಈ ಶೈಲಿಯನ್ನು ಅಚ್ಚುಕಟ್ಟು ಮಾಡಿ ಜಗತ್ತಿಗೆ ಹಂಚಿದವರು ಮಾಂಟ್ರಿಯಲ್‌ನ ಪ್ಯಾಟ್ರಿಕ್ ರುವಾ. ಆಮೇಲೆ ಬಂದವರೆಲ್ಲ ಹೆಚ್ಚುಕಡಿಮೆ ಅವರ ಅಚ್ಚಿನಲ್ಲೇ ಎರಕವಾದವರು.

ಪಾಠದ ಸೋಲು ಎಲ್ಲಿ? ಮೊದಲ ಹೊಡೆತ ತಡೆದ ಮೇಲೆ. ಪಕ್ ಪ್ಯಾಡಿಗೆ ಬಡಿದು ಬದಿಗೆ ಚಿಮ್ಮಿತು, ಅಲ್ಲಿ ಎದುರಾಳಿ ಕಾದಿದ್ದಾನೆ. ಮೊಣಕಾಲೂರಿದವನು ಒಂದು ಕಾಲನ್ನು ಎತ್ತಿ, ಸ್ಕೇಟಿನ ಬ್ಲೇಡನ್ನು ಮಂಜುಗಡ್ಡೆಗೆ ಕಚ್ಚಿಸಿ, ಮೈಯನ್ನು ಆಚೆಗೆ ತಳ್ಳಬೇಕು. ಮೂರು ಕೆಲಸ. ಅಷ್ಟರಲ್ಲಿ ಎರಡನೇ ಹೊಡೆತ ಬಂದಿರುತ್ತದೆ. ಸಾಮಾನ್ಯ ಗೋಲ್‌ಕೀಪರ್ ಅಲ್ಲಿಗೆ ಕೈಚೆಲ್ಲುತ್ತಾನೆ. ಹಾಶೆಕ್ ಅವರ ಆಟ ಶುರುವಾಗುತ್ತಿದ್ದುದು ಅಲ್ಲಿಂದ.

ಬೀಳುವುದರ ಗಣಿತ

ಎದುರಾಳಿ ಗೋಲ್‌ನ ಬಾಯಲ್ಲೇ ಇದ್ದಾನೆ. ಅವನಿಗೂ ಮಲಗಿದ ಹಾಶೆಕ್‌ಗೂ ನಡುವೆ ಒಂದು ಮೀಟರ್. ಕಾಲು ಮೇಲೆ ಕಾಲು ಪೇರಿಸಿ ಮಗ್ಗುಲಾಗಿ ಬಿದ್ದ ಮೈ ನೆಲದಿಂದ ಅರ್ಧ ಮೀಟರ್ ಎತ್ತರದ ಗೋಡೆ ಎಂದು ಲೆಕ್ಕ ಹಿಡಿಯೋಣ. ಅದನ್ನು ದಾಟಿಸಲು ಪಕ್ ಸುಮಾರು 27 ಡಿಗ್ರಿ ಕೋನದಲ್ಲಿ ಏಳಬೇಕು. ಹಾಶೆಕ್ ಇನ್ನೂ ಅರ್ಧ ಮೀಟರ್ ಮುಂದೆ ಜಾರಿದರೆ ಬೇಕಾದ ಕೋನ 45 ಡಿಗ್ರಿ. ಚಪ್ಪಟೆಯಾಗಿ ಮಲಗಿರುವ ಬಿಲ್ಲೆಯನ್ನು ಅಷ್ಟು ಕಡಿದಾಗಿ ಎತ್ತಬೇಕಾದರೆ ಕೋಲಿನ ತುದಿಯನ್ನು ಅದರ ಅಡಿಗೆ ಹಾಕಿ, ಮಣಿಕಟ್ಟು ತಿರುಗಿಸಬೇಕು. ನಿಂತು ಮಾಡುವುದಾದರೆ ಯಾರಾದರೂ ಮಾಡುತ್ತಾರೆ. ಬೆನ್ನಿಗೆ ರಕ್ಷಣಾ ಆಟಗಾರ ಅಂಟಿಕೊಂಡಿರುವಾಗ, ಓಡುತ್ತಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಬೇಕಾದರೆ ಹತ್ತರಲ್ಲಿ ಎಂಟು ಜನ ಪಕ್ಕನ್ನು ನೆಲಕ್ಕಂಟಿಸಿಯೇ ತಳ್ಳಿಬಿಡುತ್ತಾರೆ. ಅದು ಹೋಗಿ ಹಾಶೆಕ್ ಅವರ ಕಾಲಿಗೋ ಕೈಗೋ ಬಡಿಯುತ್ತದೆ. ಹತ್ತಿರದಲ್ಲಿ ಕೆಳಗಿನದೇ ದೊಡ್ಡ ಬಾಗಿಲು, ಅದನ್ನು ಮುಚ್ಚಿದರೆ ಮೇಲಿನ ಕಿಟಕಿ ಹುಡುಕುವ ಹೊತ್ತು ಎದುರಾಳಿಗೆ ಇರುವುದಿಲ್ಲ. ಬೀಳುವುದರ ಹಿಂದಿನ ಲೆಕ್ಕ ಇಷ್ಟೇ.

ಉರುಳುವುದಕ್ಕೂ ಕಾರಣವಿದೆ. ಎಡಕ್ಕೆ ಬಿದ್ದಿರುವಾಗ ಪಕ್ ಬಲಕ್ಕೆ ಹೋಯಿತು. ಎದ್ದು, ಬ್ಲೇಡ್ ಕಚ್ಚಿಸಿ, ತಳ್ಳುವ ಮೂರು ಕೆಲಸದ ಬದಲು ಹಾಶೆಕ್ ಬೆನ್ನ ಮೇಲೆಯೇ ಮಗುಚುತ್ತಿದ್ದರು. ಮಗುಚುವಾಗ ಎರಡೂ ಕಾಲು ಗಾಳಿಯಲ್ಲಿ ಕಮಾನಿನಂತೆ ಎದ್ದು ಆಚೆ ಬದಿಗೆ ಬೀಳುತ್ತವೆ. ಆ ಕ್ಷಣದಲ್ಲಿ ಪ್ಯಾಡುಗಳು ಗೋಲ್‌ನ ಮೇಲ್ಭಾಗವನ್ನೂ ಗುಡಿಸಿಕೊಂಡು ಹೋಗುತ್ತವೆ. ಚಾಚಿದ ತೋಳು ನೆಲಕ್ಕೆ ಉದ್ದಕ್ಕೆ ಮಲಗುತ್ತದೆ. ಬ್ಲೇಡ್ ಕಚ್ಚಲು ಕಾಯಬೇಕಿಲ್ಲ, ಮೊದಲೇ ಇರುವ ವೇಗ ವ್ಯರ್ಥವಾಗುವುದಿಲ್ಲ. ಇದಕ್ಕೆ ತೆರುವ ಬೆಲೆಯೂ ಇದೆ: ಅರೆಕ್ಷಣ ಪಕ್ ಕಣ್ಣಿಂದ ತಪ್ಪುತ್ತದೆ. ಊಹೆ ತಪ್ಪಿದರೆ ಗೋಲ್ ಪೂರ್ತಿ ಖಾಲಿ, ಗೋಲ್‌ಕೀಪರ್ ಮೇಲ್ಛಾವಣಿ ನೋಡುತ್ತ ಮಲಗಿರುತ್ತಾನೆ. ಅಂಥ ಗೋಲ್‌ಗಳನ್ನು ಹಾಶೆಕ್ ಬಿಟ್ಟದ್ದೂ ಉಂಟು, ನೋಡಲು ಬಲು ಕೆಟ್ಟದಾಗಿ ಕಾಣುತ್ತಿದ್ದವು.

ಕೋಲು ಎಸೆಯುವುದಂತೂ ತರಬೇತುದಾರರ ಎದೆ ಒಡೆಯುವ ಕೆಲಸ. ‘ಕೋಲು ಯಾವತ್ತೂ ನೆಲದ ಮೇಲಿರಲಿ’ ಎನ್ನುವುದು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ, ಕಾಲುಗಳ ನಡುವಿನ ಸಂದಿಯನ್ನು ಕಾಯುವುದು ಅದೇ ಕೋಲು. ಆದರೆ ನೆಲಕ್ಕೆ ಬಿದ್ದ ಮೇಲೆ, ಮುಷ್ಟಿಯಲ್ಲಿ ಕೋಲು ಹಿಡಿದ ಬಲಗೈಗೆ ಪಕ್ ಹಿಡಿಯಲು ಬೆರಳಿಲ್ಲ. ಹಾಶೆಕ್ ಕೋಲು ಬಿಟ್ಟು, ಬ್ಲಾಕರ್ ತೊಟ್ಟ ಬಲ ಅಂಗೈಯಿಂದಲೇ ಪಕ್ಕನ್ನು ಮುಚ್ಚಿ ಹಿಡಿಯುತ್ತಿದ್ದರು. ಪಕ್ ಕೈಯಡಿ ಸಿಕ್ಕಿತೆಂದರೆ ರೆಫರಿ ಸೀಟಿ ಊದುತ್ತಾರೆ, ಎರಡನೇ ಹೊಡೆತದ ಮಾತೇ ಇಲ್ಲ.

ಇಷ್ಟೆಲ್ಲ ನಡೆಸಲು ಸಾಮಾನ್ಯ ಮೈ ಸಾಲದು. ಸೊಂಟ, ತೊಡೆಸಂದಿಗಳಲ್ಲಿ ಹಾಶೆಕ್‌ಗಿದ್ದ ಬಾಗುವ ಗುಣ ಹುಟ್ಟಿನಿಂದಲೇ ಬಂದದ್ದು. ಇದಕ್ಕಿಂತ ದೊಡ್ಡದು ಕಾಯುವ ಗುಣ. ಒಬ್ಬನೇ ಎದುರಿಗೆ ನುಗ್ಗಿಬಂದಾಗ ಅವರು ಮೊದಲೇ ಬೀಳುತ್ತಿದ್ದರು ಎಂದು ಅನೇಕರು ತಿಳಿದಿದ್ದಾರೆ. ಹಳೆಯ ಪಂದ್ಯಗಳನ್ನು ನಿಧಾನಗತಿಯಲ್ಲಿ ನೋಡಿದರೆ ಕಾಣುವುದು ಬೇರೆ: ಎದುರಾಳಿ ಕೋಲಿನ ಮುಖ ತಿರುಗಿಸಿ ತನ್ನ ಆಯ್ಕೆ ಬಿಟ್ಟುಕೊಟ್ಟ ಮೇಲಷ್ಟೇ ಅವರ ಮೊಣಕಾಲು ಮಡಿಯುತ್ತಿತ್ತು.

ಬೇಲಿಯ ಆಚೆಗಿನ ಹತ್ತು ವರ್ಷ

ಪಾರ್ದುಬಿಟ್ಸೆ ಪ್ರಾಗ್‌ನಿಂದ ಪೂರ್ವಕ್ಕೆ ನೂರು ಕಿ.ಮೀ. ಆಸುಪಾಸಿನಲ್ಲಿ, ಲಾಬೆ ನದಿಯ ದಡದಲ್ಲಿರುವ ಊರು. ಶುಂಠಿ ಹಾಕಿದ ಪೆರ್ನಿಕ್ ಎಂಬ ಕೇಕಿಗೂ ಬೇಲಿ-ಹಳ್ಳ ಹಾರುವ ಕುದುರೆ ಜೂಜಿಗೂ ಹೆಸರುವಾಸಿ. ಆ ದೇಶದಲ್ಲಿ ಆಟ ಕಲಿಸುವುದು ಊರಿನ ಕ್ಲಬ್. ಐದಾರು ವರ್ಷದ ಮಕ್ಕಳನ್ನೇ ಆರಿಸಿಕೊಂಡು, ವಯಸ್ಸಿಗೆ ತಕ್ಕ ತಂಡಗಳಲ್ಲಿ ಮೇಲಕ್ಕೆ ದಾಟಿಸುತ್ತ ಹೋಗುತ್ತಾರೆ. ಹಾಶೆಕ್ ಆಯ್ಕೆಗೆ ಹೋದಾಗ ಕಾಲಲ್ಲಿದ್ದದ್ದು ನೆಟ್ಟಗಿನ ಸ್ಕೇಟ್ ಕೂಡ ಅಲ್ಲ, ಬೂಟಿನ ತಳಕ್ಕೆ ಸ್ಕ್ರೂ ಹಾಕಿ ಬಿಗಿದ ಬ್ಲೇಡು. ವಯಸ್ಸಿಗೆ ಮೀರಿ ಉದ್ದವಿದ್ದುದರಿಂದ, ಗೋಲ್‌ಕೀಪರ್ ಇಲ್ಲದ ದೊಡ್ಡ ಹುಡುಗರ ತಂಡದಲ್ಲಿ ನಿಲ್ಲಿಸಿದರು.

1981ರಲ್ಲಿ, 16ರ ವಯಸ್ಸಿಗೆ, ಊರಿನ ಕ್ಲಬ್ ಆದ ಟೆಸ್ಲಾ ಪಾರ್ದುಬಿಟ್ಸೆಯ ಮುಖ್ಯ ತಂಡಕ್ಕೆ ಬಂದರು. 18ಕ್ಕೆ ದೇಶದ ತಂಡದೊಂದಿಗೆ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ ಬೆಳ್ಳಿ ಪದಕ ತಂದರು. 1987ರಲ್ಲೂ 1989ರಲ್ಲೂ ಪಾರ್ದುಬಿಟ್ಸೆ ದೇಶದ ಚಾಂಪಿಯನ್. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ‘ಚಿನ್ನದ ಹಾಕಿಕೋಲು’ 1987, 1989, 1990ರಲ್ಲಿ ಹಾಶೆಕ್‌ಗೆ. ಇದರ ನಡುವೆಯೇ ಇತಿಹಾಸ ಮತ್ತು ಚೆಕ್ ಭಾಷೆ ಓದಿ ಮೇಷ್ಟ್ರಾಗುವ ಅರ್ಹತೆಯನ್ನೂ ಪಡೆದರು.

ಹಾಗಾದರೆ ಅಮೆರಿಕಕ್ಕೆ ಹೋದದ್ದು 25ಕ್ಕೆ ಯಾಕೆ? ಇಲ್ಲಿ ಆ ಕಾಲದ ರಾಜಕೀಯ ಬರುತ್ತದೆ. ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಹೊಸಬರ ಹಕ್ಕನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹಾಶೆಕ್ ಅವರ ಆಗಿನ ಚೆಕೊಸ್ಲೊವಾಕಿಯಾದಂಥ ಕಮ್ಯುನಿಸ್ಟ್ ದೇಶಗಳ ಆಟಗಾರರನ್ನು ಆರಿಸಿದರೂ ಅವರು ಬರುತ್ತಾರೆಂಬ ಖಾತ್ರಿ ಇರಲಿಲ್ಲ. ಆದ್ದರಿಂದ ಉಪಯೋಗಕ್ಕೆ ಬಾರದ ಕೊನೆಯ ಸುತ್ತುಗಳಲ್ಲಿ ಲಾಟರಿ ಚೀಟಿ ಕೊಂಡಂತೆ ಒಂದು ಹೆಸರು ಬರೆದಿಡುತ್ತಿದ್ದರು. 1983ರಲ್ಲಿ ಶಿಕಾಗೊ ತಂಡ 10ನೇ ಸುತ್ತಿನಲ್ಲಿ ಹಾಶೆಕ್ ಹೆಸರು ಬರೆಯಿತು. ಆ ಸುದ್ದಿ ಸ್ವತಃ ಹಾಶೆಕ್‌ಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ.

ಹೊರಹೋಗಲು ದಾರಿ ಎರಡೇ ಇದ್ದವು. ಮೊದಲನೆಯದು, ದೇಶಕ್ಕಾಗಿ ವರ್ಷಗಟ್ಟಲೆ ಆಡಿ, ಮೂವತ್ತರ ಅಂಚಿಗೆ ಬಂದಾಗ ಸರ್ಕಾರದ ಅನುಮತಿ ಪಡೆಯುವುದು. 1981ರಲ್ಲಿ ಇವಾನ್ ಹ್ಲಿಂಕಾ ಹೀಗೆ ವ್ಯಾಂಕೂವರ್ ತಂಡಕ್ಕೆ ಹೋದರು. ಎರಡನೆಯದು, ಹೊರದೇಶದ ಪಂದ್ಯಕ್ಕೆ ಹೋದಾಗ ತಂಡದಿಂದ ತಪ್ಪಿಸಿಕೊಳ್ಳುವುದು. 1984ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಪೆಟ್ರ್ ಸ್ವೊಬೊಡ ಎಂಬ ಹದಿಹರೆಯದ ಹುಡುಗ ಹಾಗೆ ಮಾಡಿದ. ಅದೇ ವರ್ಷ ಮಾಂಟ್ರಿಯಲ್ ಅವನನ್ನು 5ನೇ ಆಯ್ಕೆಯಾಗಿ ತೆಗೆದುಕೊಂಡಿತು. ಹಾಗೆ ಓಡಿದವರಿಗೆ ಊರಿಗೆ ಮರಳುವ ದಾರಿ ಮುಚ್ಚುತ್ತಿತ್ತು, ಮನೆಯವರ ಮೇಲೆ ಸರ್ಕಾರದ ಕಣ್ಣು ಬೀಳುತ್ತಿತ್ತು. ಹ್ಲಿಂಕಾ, ಸ್ವೊಬೊಡ: ಈ ಎರಡು ಹೆಸರು ನೆನಪಿರಲಿ, ಮುಂದೆ ಬರುತ್ತವೆ.

ಹಾಶೆಕ್ ಎರಡೂ ದಾರಿ ಹಿಡಿಯದೆ ಉಳಿದರು. 1989-90ರ ಋತುವನ್ನು ಸೈನ್ಯದ ಕ್ಲಬ್ ಆದ ಡುಕ್ಲಾ ಯಿಹ್ಲಾವಾದಲ್ಲಿ ಕಳೆದರು. ಕಡ್ಡಾಯ ಸೈನಿಕ ಸೇವೆಯನ್ನು ಆಟಗಾರರು ಸಲ್ಲಿಸುತ್ತಿದ್ದುದು ಇಂಥ ಕ್ಲಬ್‌ಗಳಲ್ಲೇ. ಅದೇ ಋತುವಿನ ನಡುವೆ, 1989ರ ನವೆಂಬರ್‌ನಲ್ಲಿ, ಪ್ರಾಗ್‌ನ ಬೀದಿಗಳಲ್ಲಿ ಜನ ಸೇರಿ ಸರ್ಕಾರ ಉರುಳಿತು. 1990ರಲ್ಲಿ ಹಾಶೆಕ್ ಶಿಕಾಗೊ ವಿಮಾನ ಹತ್ತಿದರು.

ಕಾದು ಕಾದು

ಅಲ್ಲಿ ಇಳಿದ ಮೇಲೆ ತೊಂದರೆ ಬೇರೆಯೇ. ಶಿಕಾಗೊದ ಗೋಲ್‌ನಲ್ಲಿ ಎಡ್ ಬೆಲ್ಫೋರ್ ಗಟ್ಟಿಯಾಗಿ ನೆಲೆಯೂರಿದ್ದರು. ತಂಡದಲ್ಲಿ ಗೋಲ್‌ಕೀಪರ್‌ಗಳಿಗೆ ಪಾಠ ಹೇಳುತ್ತಿದ್ದವರು ಸೋವಿಯತ್ ದಂತಕಥೆ ವ್ಲಾದಿಸ್ಲಾವ್ ಟ್ರೆತ್ಯಾಕ್. ಮೊದಲ ಋತುವಿನಲ್ಲಿ ಹಾಶೆಕ್‌ಗೆ ಸಿಕ್ಕಿದ್ದು ಐದು ಪಂದ್ಯ, ಎರಡನೆಯದರಲ್ಲಿ 20. ಉಳಿದ ಸಮಯವನ್ನು ಕೆಳಗಿನ ಲೀಗಿನ ಇಂಡಿಯಾನಾಪೊಲಿಸ್ ತಂಡದಲ್ಲೋ ಬೆಂಚಿನ ಮೇಲೋ ಕಳೆದರು. ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್ ಒಂದೇ ಪಂದ್ಯವಲ್ಲ, ಸರಣಿ; 1992ರಲ್ಲಿ ಅದರ ನಾಲ್ಕನೇ ಪಂದ್ಯದಲ್ಲಿ ಬೆಲ್ಫೋರ್ ಬದಲಿಗೆ ಇಳಿದು ಚೆನ್ನಾಗಿಯೇ ಆಡಿದರು, ಪಂದ್ಯ ಪಿಟ್ಸ್‌ಬರ್ಗ್ ಪಾಲಾಯಿತು.

1992ರ ಆಗಸ್ಟ್‌ನಲ್ಲಿ ಶಿಕಾಗೊ ಅವರನ್ನು ಬಫಲೊ ತಂಡಕ್ಕೆ ಕೊಟ್ಟುಬಿಟ್ಟಿತು. ಬದಲಿಗೆ ಪಡೆದದ್ದು ಒಬ್ಬ ಮೀಸಲು ಗೋಲ್‌ಕೀಪರ್, ಜೊತೆಗೆ ಮುಂದಿನ ವರ್ಷದ ನಾಲ್ಕನೇ ಸುತ್ತಿನ ಒಂದು ಆಯ್ಕೆ. ಬಫಲೊದವರಿಗೂ ಆಗ ಕಣ್ಣು ತೆರೆದಿರಲಿಲ್ಲ. 1993ರಲ್ಲಿ ಹೊಸ ತಂಡಗಳು ಹಳೆಯ ತಂಡಗಳಿಂದ ಆಟಗಾರರನ್ನು ಎತ್ತಿಕೊಳ್ಳುವಾಗ, ಬಫಲೊ ತನ್ನ ಗೋಲ್‌ಕೀಪರ್‌ಗಳಲ್ಲಿ ಉಳಿಸಿಕೊಂಡದ್ದು ಹಿರಿಯ ಗ್ರಾಂಟ್ ಫ್ಯೂರ್ ಅವರನ್ನು. ಹಾಶೆಕ್ ಬೇಕಾದವರು ಒಯ್ಯಿರಿ ಎಂಬ ಪಟ್ಟಿಯಲ್ಲಿದ್ದರು. ಯಾರೂ ಒಯ್ಯಲಿಲ್ಲ! ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕುರುಡು ಹುಡುಕುವುದು ಕಷ್ಟ. ಆಟ ಅಂದವಾಗಿ ಕಾಣದಿದ್ದರೆ ಅಂಕಿ ನೋಡುವ ವ್ಯವಧಾನವೂ ಜನರಿಗೆ ಇರುವುದಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಫ್ಯೂರ್ ಮೊಣಕಾಲಿಗೆ ಪೆಟ್ಟಾಯಿತು. ಹಾಶೆಕ್ ಗೋಲ್‌ಗೆ ಬಂದರು, ಎಂಟು ವರ್ಷ ಅಲ್ಲಿಂದ ಅಲುಗಲಿಲ್ಲ.

ಅಂಕಿ ಓದುವ ಬಗೆ

ಗೋಲ್‌ಕೀಪರನ್ನು ಅಳೆಯಲು ಎರಡು ಮಾಪಕ. ಸರಾಸರಿ ಗೋಲ್ ಎಂದರೆ 60 ನಿಮಿಷಕ್ಕೆ ಎಷ್ಟು ಗೋಲ್ ಬಿಟ್ಟರು ಎಂಬುದು. ಬಿಟ್ಟ ಗೋಲ್‌ಗಳನ್ನು 60ರಿಂದ ಗುಣಿಸಿ, ಆಡಿದ ನಿಮಿಷಗಳಿಂದ ಭಾಗಿಸಬೇಕು. 1998-99ರಲ್ಲಿ ಹಾಶೆಕ್ 3,817 ನಿಮಿಷ ಆಡಿ 119 ಗೋಲ್ ಬಿಟ್ಟರು, ಸರಾಸರಿ 1.87. ಈ ಮಾಪಕದಲ್ಲಿ ಒಂದು ಐಬು ಇದೆ. ಮುಂದಿನ ರಕ್ಷಣಾ ಆಟಗಾರರು ಗಟ್ಟಿ ಇದ್ದರೆ ಹೊಡೆತಗಳೇ ಕಡಿಮೆ ಬರುತ್ತವೆ, ಸಾಧಾರಣ ಗೋಲ್‌ಕೀಪರ್ ಕೂಡ ಚೆನ್ನಾಗಿ ಕಾಣುತ್ತಾನೆ.

ಎರಡನೆಯದು ಸೇವ್ ಪ್ರಮಾಣ: ಗೋಲ್‌ನತ್ತ ಬಂದ ಹೊಡೆತಗಳಲ್ಲಿ ತಡೆದವು ಎಷ್ಟು ಪಾಲು. ಹೊರಗೆ ಹೋದದ್ದು, ಕಂಬಕ್ಕೆ ಬಡಿದದ್ದು ಲೆಕ್ಕಕ್ಕಿಲ್ಲ. ಇಲ್ಲಿ ಸಣ್ಣ ವ್ಯತ್ಯಾಸವೇ ದೊಡ್ಡದು. ಪಂದ್ಯಕ್ಕೆ 30 ಹೊಡೆತ ಎಂದುಕೊಂಡರೆ .900 ಇರುವವನು ಮೂರು ಗೋಲ್ ಬಿಡುತ್ತಾನೆ, .930 ಇರುವವನು ಎರಡಕ್ಕಿಂತ ಸ್ವಲ್ಪ ಹೆಚ್ಚು. ಪಂದ್ಯಕ್ಕೆ ಸುಮಾರು ಒಂದು ಗೋಲ್ ಉಳಿತಾಯ. ಐಸ್ ಹಾಕಿಯಲ್ಲಿ ಅರ್ಧಕ್ಕರ್ಧ ಪಂದ್ಯಗಳ ಹಣೆಬರಹ ಬದಲಿಸಲು ಅಷ್ಟು ಸಾಕು.

1993-94ರಲ್ಲಿ ಹಾಶೆಕ್ ಎದುರಿಸಿದ್ದು 1,552 ಹೊಡೆತ, ಬಿಟ್ಟದ್ದು 109. ಪ್ರಮಾಣ .930. ಆ ವರ್ಷ ಇಡೀ ಲೀಗಿನ ಸರಾಸರಿ ಸುಮಾರು .895. ಸರಾಸರಿ ಗೋಲ್‌ಕೀಪರ್ ಅದೇ ಜಾಗದಲ್ಲಿ ನಿಂತಿದ್ದರೆ ಸುಮಾರು 163 ಗೋಲ್ ಹೋಗುತ್ತಿದ್ದವು. 54 ಗೋಲ್ ಉಳಿಸಿದಂತಾಯಿತು. ಸರಾಸರಿ ಗೋಲ್ 1.95; ಎರಡಕ್ಕಿಂತ ಕೆಳಗಿಳಿದವರು 20 ವರ್ಷಗಳಲ್ಲಿ ಬೇರೆ ಯಾರೂ ಇರಲಿಲ್ಲ. ಐದು ವರ್ಷ ಬಿಟ್ಟು 1998-99ರಲ್ಲಿ 1,877 ಹೊಡೆತಕ್ಕೆ 119, ಪ್ರಮಾಣ .937. ಅಷ್ಟರಲ್ಲಿ ಲೀಗಿನ ಸರಾಸರಿಯೂ .908ರ ಹತ್ತಿರ ಏರಿತ್ತು, ಎಲ್ಲರೂ ಸುಧಾರಿಸಿದ್ದರು, ಗೋಲ್‌ಗಳೇ ಕಡಿಮೆಯಾದ ಕಾಲ ಅದು. ಆದರೂ ಲೆಕ್ಕ ಹಾಕಿದರೆ ಮತ್ತೆ ಅದೇ 54ರ ಆಸುಪಾಸು. ಗೋಲ್ ಬಿದ್ದದ್ದು ಕಡಿಮೆ ಎನ್ನುವುದು ಕಾಲದ ಗುಣ, ಎಲ್ಲರಿಗಿಂತ ಇಷ್ಟು ಕಡಿಮೆ ಎನ್ನುವುದು ಹಾಶೆಕ್ ಗುಣ. ಆ ಆರು ಋತುಗಳಲ್ಲೂ ಸೇವ್ ಪ್ರಮಾಣದಲ್ಲಿ ಲೀಗಿಗೇ ಮೊದಲಿಗರು ಅವರೇ.

1994ರ ಏಪ್ರಿಲ್ 27ರ ರಾತ್ರಿಯೊಂದನ್ನು ಇಲ್ಲಿ ಹೇಳಲೇಬೇಕು. ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಬಫಲೊ, ನ್ಯೂಜೆರ್ಸಿ ನಡುವಿನ ಏಳು ಪಂದ್ಯಗಳ ಸರಣಿಯ ಆರನೇ ಪಂದ್ಯ. 60 ನಿಮಿಷ ಮುಗಿದರೂ 0-0. ಪ್ಲೇಆಫ್‌ನಲ್ಲಿ ಗೋಲ್ ಬೀಳುವವರೆಗೂ ಇಪ್ಪತ್ತಿಪ್ಪತ್ತು ನಿಮಿಷ ಆಡಿಸುತ್ತಲೇ ಹೋಗುತ್ತಾರೆ. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ, ಒಟ್ಟು 125 ನಿಮಿಷ 43 ಸೆಕೆಂಡಿಗೆ, ಬಫಲೊದ ಡೇವ್ ಹ್ಯಾನನ್ ಗೋಲ್ ಹೊಡೆದರು. ಅಷ್ಟರಲ್ಲಿ ಹಾಶೆಕ್ 70 ಹೊಡೆತ ತಡೆದಿದ್ದರು. ಎದುರು ಗೋಲ್‌ನಲ್ಲಿದ್ದ 21ರ ಹುಡುಗ ಮಾರ್ಟಿನ್ ಬ್ರೋಡರ್ ಕೂಡ ಸಾಮಾನ್ಯನಲ್ಲ. ಏಳನೇ ಪಂದ್ಯ ಗೆದ್ದು ನ್ಯೂಜೆರ್ಸಿ ಮುಂದೆ ಹೋಯಿತು.

1997, 1998ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಹಾಶೆಕ್‌ಗೇ ಬಂತು. ಎರಡು ಸಲ ಅದನ್ನು ಗೆದ್ದ ಗೋಲ್‌ಕೀಪರ್ ಬೇರೆ ಇಲ್ಲ. 1997-98ರಲ್ಲಿ ಒಂದೂ ಗೋಲ್ ಬಿಡದ ಪಂದ್ಯಗಳು 13, ಅದರಲ್ಲಿ ಆರು ಡಿಸೆಂಬರ್ ತಿಂಗಳೊಂದರಲ್ಲೇ.

ನಗಾನೊ

1998ರ ಫೆಬ್ರುವರಿಯಲ್ಲಿ ಜಪಾನಿನ ನಗಾನೊದಲ್ಲಿ ಚಳಿಗಾಲದ ಒಲಿಂಪಿಕ್ಸ್. ಎನ್‌ಎಚ್‌ಎಲ್ ತನ್ನ ಋತುವನ್ನೇ ನಿಲ್ಲಿಸಿ ಆಟಗಾರರನ್ನು ಕಳಿಸಿದ್ದು ಅದೇ ಮೊದಲು. ಅಮೆರಿಕ, ಕೆನಡಾ ತಂಡಗಳಲ್ಲಿ ಇದ್ದವರೆಲ್ಲ ಲೀಗಿನ ತಾರೆಗಳು. ಚೆಕ್ ತಂಡದಲ್ಲಿ ಅರ್ಧಕ್ಕರ್ಧ ಜನ ಯುರೋಪಿನ ಲೀಗುಗಳಲ್ಲಿ ಆಡುವವರು. ತರಬೇತುದಾರ ಅದೇ ಇವಾನ್ ಹ್ಲಿಂಕಾ. ಒಂದು ಗೋಲ್ ಹೊಡೆದು ಹಿಂದಕ್ಕೆ ಸರಿದು ಕಾಯುವುದು ಅವರ ತಂತ್ರ. ಗೋಲ್‌ನಲ್ಲಿ ಹಾಶೆಕ್ ಇದ್ದಾಗ ಇದಕ್ಕಿಂತ ಜಾಣ ತಂತ್ರ ಬೇಕಿಲ್ಲ.

ಕ್ವಾರ್ಟರ್‌ಫೈನಲ್‌ನಲ್ಲಿ ಅಮೆರಿಕವನ್ನು 4-1ರಿಂದ ಮಣಿಸಿದರು. ಸೆಮಿಫೈನಲ್ ಕೆನಡಾ ಎದುರು. ಆಚೆ ಗೋಲ್‌ನಲ್ಲಿ ಪ್ಯಾಟ್ರಿಕ್ ರುವಾ. ಅಚ್ಚುಕಟ್ಟಿನ ಗುರು ಒಂದು ಕಡೆ, ಉರುಳುವ ಹಾಶೆಕ್ ಇನ್ನೊಂದು ಕಡೆ. ಯಿರ್ಜಿ ಶ್ಲೇಗರ್ ಗೋಲಿನಿಂದ ಚೆಕ್ ಮುಂದಿತ್ತು. ಮುಗಿಯಲು ಒಂದು ನಿಮಿಷ ಚಿಲ್ಲರೆ ಇರುವಾಗ ಟ್ರೆವರ್ ಲಿಂಡೆನ್ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲೂ ತೀರ್ಮಾನವಾಗದೆ ಶೂಟೌಟ್‌ಗೆ ಹೋಯಿತು: ತಂಡಕ್ಕೆ ಐದು ಜನ, ಒಬ್ಬೊಬ್ಬರಾಗಿ ಪಕ್ ಒಯ್ದು ಗೋಲ್‌ಕೀಪರನ್ನು ಎದುರಿಸಬೇಕು. ಚೆಕ್ ಪರ ಮೊದಲು ಬಂದ ರಾಬರ್ಟ್ ರೈಖೆಲ್ ಹೊಡೆದರು. ಆಮೇಲೆ ಯಾರೂ ಹೊಡೆಯಲಿಲ್ಲ. ಥಿಯೊ ಫ್ಲೂರಿ, ರೇ ಬೂರ್ಕ್, ಜೋ ನ್ಯೂವೆಂಡೈಕ್, ಎರಿಕ್ ಲಿಂಡ್ರೋಸ್, ಬ್ರೆಂಡನ್ ಶಾನಹನ್: ಐವರಿಗೂ ಗೋಲ್ ಸಿಗಲಿಲ್ಲ. ಕೆನಡಾದವರು ತಮ್ಮ ಅತಿ ದೊಡ್ಡ ತಾರೆ ವೇಯ್ನ್ ಗ್ರೆಟ್ಸ್‌ಕಿಯನ್ನು ಆ ಐವರಲ್ಲಿ ಸೇರಿಸದೆ ಬೆಂಚಿನ ಮೇಲೆ ಕೂರಿಸಿದ್ದರ ಬಗ್ಗೆ ಇಂದಿಗೂ ಜಗಳ ಮುಗಿದಿಲ್ಲ.

ಶೂಟೌಟ್‌ನಲ್ಲಿ ಹಾಶೆಕ್ ಗೆಲ್ಲಲು ಕಾರಣ ಮೇಲೆ ಹೇಳಿದ ಕಾಯುವ ಗುಣವೇ. ಒಬ್ಬನೇ ಬರುವ ಆಟಗಾರ ಗೋಲ್‌ಕೀಪರ್ ಕದಲಲಿ ಎಂದು ಕಾಯುತ್ತಾನೆ, ಕದಲಿದ ಬದಿಗೆ ವಿರುದ್ಧ ಹೊಡೆಯುತ್ತಾನೆ. ಹಾಶೆಕ್ ಮೊದಲು ಕದಲುತ್ತಿರಲಿಲ್ಲ. ಗೋಲ್ ಹತ್ತಿರವಾದಂತೆ ಆಟಗಾರನಿಗೆ ಕೋನ ಕಿರಿದಾಗುತ್ತದೆ, ಕೊನೆಗೆ ಅವನೇ ಮೊದಲು ಆಯ್ಕೆ ಮಾಡಬೇಕಾಗುತ್ತದೆ. ಮಾಡಿದ ಮೇಲೆ ಬೀಳುವ ಮೈ, ಚಾಚುವ ಕಾಲು, ಮೇಲಿನ ಗಣಿತ.

ಫೈನಲ್ ರಷ್ಯಾ ಎದುರು, ಫೆಬ್ರುವರಿ 22ರಂದು. ಹಿಂದಿನ ಪಂದ್ಯದಲ್ಲಿ ಪಾವೆಲ್ ಬುರೆ ಒಬ್ಬರೇ ಐದು ಗೋಲ್ ಹೊಡೆದಿದ್ದರು. ಹಾಶೆಕ್ ಎದುರು ರಷ್ಯಾಕ್ಕೆ ಒಂದೂ ಸಿಗಲಿಲ್ಲ. ಕೊನೆಯ ಅವಧಿಯಲ್ಲಿ ಚೆಕ್ ಒಂದು ಹೊಡೆದು 1-0ರಿಂದ ಚಿನ್ನ ಗೆದ್ದಿತು. ಹೊಡೆದವರು ಪೆಟ್ರ್ ಸ್ವೊಬೊಡ. 14 ವರ್ಷ ಹಿಂದೆ ದೇಶ ಬಿಟ್ಟು ಓಡಿದ ಅದೇ ಹುಡುಗ. ಓಡಿದವನು ಗೋಲ್ ಹೊಡೆದ, ಉಳಿದವನು ಗೋಲ್ ಕಾಯ್ದ, ಅನುಮತಿ ಪಡೆದು ಹೋಗಿಬಂದವನು ಬೆಂಚಿನ ಹಿಂದೆ ನಿಂತಿದ್ದ. ಆರು ಪಂದ್ಯದಲ್ಲಿ ಹಾಶೆಕ್ ಬಿಟ್ಟದ್ದು ಆರೇ ಗೋಲ್. ಪ್ರಾಗ್‌ನ ಹಳೇ ಪೇಟೆಯ ಚೌಕದಲ್ಲಿ ಸೇರಿದ ಜನ ‘ಹಾಶೆಕ್ ಕೋಟೆಗೆ’ ಎಂದು ಕೂಗಿದರು. ಕೋಟೆ ಎಂದರೆ ಅಲ್ಲಿ ರಾಷ್ಟ್ರಪತಿ ಭವನ.

ಆಗದ ಗೋಲ್, ಹರಿದ ತೊಡೆ

ಮರುವರ್ಷ ಬಫಲೊ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಬಂತು, ಡಲ್ಲಾಸ್ ಎದುರು. ಡಲ್ಲಾಸ್ ಗೋಲ್‌ನಲ್ಲಿ ಎಡ್ ಬೆಲ್ಫೋರ್, ಶಿಕಾಗೊದಲ್ಲಿ ಹಾಶೆಕ್‌ರನ್ನು ಬೆಂಚಿನಲ್ಲಿ ಕೂರಿಸಿದವರೇ. ಆರನೇ ಪಂದ್ಯ ಮೂರನೇ ಹೆಚ್ಚುವರಿ ಅವಧಿಗೆ ಹೋಯಿತು. ಬ್ರೆಟ್ ಹಲ್ ಹೊಡೆದದ್ದನ್ನು ಹಾಶೆಕ್ ತಡೆದರು, ಚಿಮ್ಮಿದ ಪಕ್ಕನ್ನು ಹಲ್ ಮತ್ತೆ ತಳ್ಳಿದರು. ಗೋಲ್, ಡಲ್ಲಾಸ್‌ಗೆ ಕಪ್.

ಗೋಲ್‌ನ ಮುಂದೆ ಗೋಲ್‌ಕೀಪರ್‌ಗೆಂದು ನೀಲಿ ಬಣ್ಣದ ಜಾಗವಿದೆ, ಕ್ರೀಸ್ ಎನ್ನುತ್ತಾರೆ. ಪಕ್ ಬರುವ ಮೊದಲೇ ದಾಳಿಯವನ ಕಾಲು ಅಲ್ಲಿದ್ದರೆ ಗೋಲ್ ಅಲ್ಲ ಎನ್ನುವುದು ಆಗಿನ ನಿಯಮ, ಆ ವರ್ಷ ಇದೇ ಕಾರಣಕ್ಕೆ ಎಷ್ಟೋ ಗೋಲ್ ರದ್ದಾಗಿದ್ದವು. ಹಲ್ ಅವರ ಎಡಗಾಲು ಕ್ರೀಸಿನಲ್ಲಿತ್ತು. ಪಕ್ ಮೇಲೆ ಅವರ ಹಿಡಿತ ತಪ್ಪಿರಲಿಲ್ಲ, ಹಾಗಾಗಿ ಸರಿ ಎಂದು ಲೀಗ್ ಹೇಳಿತು. ಬಫಲೊದವರು ಇನ್ನೂ ಒಪ್ಪಿಲ್ಲ. ಮುಂದಿನ ಋತುವಿಗೆ ಆ ನಿಯಮದ ಮೇಲಿನ ವಿಡಿಯೊ ಪರಿಶೀಲನೆಯನ್ನೇ ಕೈಬಿಟ್ಟರು.

ಈ ಶೈಲಿ ಮೈಯಿಂದ ಕಸಿದದ್ದೇನು ಎಂಬುದೂ ಆ ದಿನಗಳಲ್ಲೇ ಕಾಣತೊಡಗಿತು. ಸ್ಕೇಟಿಂಗ್‌ನಲ್ಲಿ ಪಾದ ತಳ್ಳುವುದು ಪಕ್ಕಕ್ಕೆ, ಚಾಚಿದ ಕಾಲನ್ನು ಒಳಗೆಳೆಯುವುದು ಒಳತೊಡೆಯ ಸ್ನಾಯು. ಸ್ನಾಯು ಪೂರ್ತಿ ಹಿಗ್ಗಿರುವಾಗಲೇ ಬಲ ಹಾಕಬೇಕಾಗುತ್ತದೆ, ಹರಿಯುವುದು ಆ ಹೊತ್ತಿನಲ್ಲೇ. ಒಳತೊಡೆಯ ಬಲ ಹೊರತೊಡೆಯ ಬಲದ ಶೇ 80ಕ್ಕಿಂತ ಕಡಿಮೆ ಇದ್ದವರಲ್ಲಿ ಈ ಪೆಟ್ಟು ಹಲವು ಪಟ್ಟು ಹೆಚ್ಚು ಎಂದು ಎನ್‌ಎಚ್‌ಎಲ್ ಆಟಗಾರರನ್ನೇ ಅಳೆದು ನೋಡಿದ್ದಾರೆ. ಒಮ್ಮೆ ಹರಿದರೆ ವಾರಗಟ್ಟಲೆ ವಿಶ್ರಾಂತಿ, ನೋವು ಹೋಯಿತೆಂದು ಬೇಗ ಇಳಿದರೆ ಮತ್ತೆ ಅಲ್ಲೇ ಹರಿಯುತ್ತದೆ. ಪ್ರತಿ ಪಂದ್ಯದಲ್ಲೂ ಕಾಲನ್ನು ತುದಿಯವರೆಗೆ ಚಾಚುವ ಹಾಶೆಕ್‌ಗೆ ಇದು ತಪ್ಪದ ಶನಿ. 1999-2000ರಲ್ಲಿ ಇದರಿಂದ 35 ಪಂದ್ಯ ಮಾತ್ರ ಆಡಿದರು. 2003-04ರಲ್ಲಿ 14. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯದ ಹತ್ತು ನಿಮಿಷವೂ ಮುಗಿಯಲಿಲ್ಲ, ತೊಡೆ ಹಿಡಿದು ಹೊರಬಂದರು. ಉಳಿದವರು ಆಡಿ ಕಂಚು ಗೆದ್ದರು. ಇಂದಿನ ಗೋಲ್‌ಕೀಪರ್‌ಗಳಿಗೆ ಒಳತೊಡೆ ವ್ಯಾಯಾಮ ದಿನಚರಿ, ಆಗ ಅಷ್ಟು ಎಚ್ಚರ ಇರಲಿಲ್ಲ.

ಕಪ್ ಸಿಕ್ಕಿದ್ದು ಬಫಲೊ ಬಿಟ್ಟ ಮೇಲೆ. 2001ರಲ್ಲಿ ಡೆಟ್ರಾಯಿಟ್‌ಗೆ ಹೋದರು. ಅದೇ ಬೇಸಿಗೆಯಲ್ಲಿ ಆ ತಂಡಕ್ಕೆ ಬಂದ ಇನ್ನೊಬ್ಬರು ಬ್ರೆಟ್ ಹಲ್! 37ರ ವಯಸ್ಸಿನ ಹಾಶೆಕ್ 2002ರ ಪ್ಲೇಆಫ್‌ನಲ್ಲಿ ಆರು ಪಂದ್ಯಗಳಲ್ಲಿ ಒಂದೂ ಗೋಲ್ ಬಿಡಲಿಲ್ಲ. ಕೊಲರಾಡೊ ಎದುರಿನ ಏಳನೇ ಪಂದ್ಯ 7-0. ಆಚೆ ಗೋಲ್‌ನಲ್ಲಿ ಮತ್ತೆ ಪ್ಯಾಟ್ರಿಕ್ ರುವಾ. ಮುಖ್ಯ ಗೋಲ್‌ಕೀಪರ್ ಆಗಿ ಸ್ಟ್ಯಾನ್ಲಿ ಕಪ್ ಗೆದ್ದ ಮೊದಲ ಯುರೋಪಿಯನ್ ಹಾಶೆಕ್.

ಆಮೇಲಿನದು ನಿವೃತ್ತಿ, ಮರಳಿ ಬರುವುದು, ಮತ್ತೆ ನಿವೃತ್ತಿ. ಒಟ್ಟಾವಾದಲ್ಲಿ ಒಂದು ಋತು, ಡೆಟ್ರಾಯಿಟ್‌ನಲ್ಲಿ ಇನ್ನೆರಡು. 2008ರಲ್ಲಿ ಡೆಟ್ರಾಯಿಟ್ ಗೆದ್ದಾಗ ಅವರು ಮೀಸಲು; ಪ್ಲೇಆಫ್ ನಡುವೆ ಜಾಗ ಕ್ರಿಸ್ ಓಸ್‌ಗುಡ್ ಪಾಲಾಗಿತ್ತು. ಅಲ್ಲಿಗೆ ಎನ್‌ಎಚ್‌ಎಲ್ ಲೆಕ್ಕ ಮುಗಿಯಿತು: 735 ಪಂದ್ಯ, 389 ಗೆಲುವು, ಗೋಲ್ ಬಿಡದ 81 ಪಂದ್ಯ, ಸೇವ್ ಪ್ರಮಾಣ .922. ಊರಿಗೆ ಮರಳಿ ಪಾರ್ದುಬಿಟ್ಸೆ ಪರ 2010ರಲ್ಲಿ ಮತ್ತೊಂದು ಲೀಗ್ ಪ್ರಶಸ್ತಿ ಗೆದ್ದಾಗ ವಯಸ್ಸು 45. ಮಾಸ್ಕೊದ ಸ್ಪಾರ್ಟಕ್ ತಂಡಕ್ಕೆ ಒಂದು ಋತು ಆಡಿ, 2012ರಲ್ಲಿ ಪೂರ್ತಿಯಾಗಿ ಬಿಟ್ಟರು.

2014ರ ನವೆಂಬರ್‌ನಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಹಾಶೆಕ್ ಸೇರಿದರು. ಅದೇ ಸಂಜೆ ಸೇರಿದವರಲ್ಲಿ ಇನ್ನಿಬ್ಬರು: ನಗಾನೊ ಫೈನಲ್‌ಗೆ ರೆಫರಿಯಾಗಿದ್ದ ಬಿಲ್ ಮೆಕ್ರೀರಿ, ಮತ್ತು 1999ರಲ್ಲಿ ಬ್ರೆಟ್ ಹಲ್ ಅವರ ಆ ಗೋಲ್‌ಗೆ ಪಕ್ ಒದಗಿಸಿದ ಮೈಕ್ ಮೊಡಾನೊ.